ತಮ್ಮನ ಗುರುವಾರಗಳು

ಏಪ್ರಿಲ್ 9, ಗುರುವಾರ

ಅಂತೂ ಬಂದು ಮುಟ್ಟಿದ್ದಾಯಿತು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ. ಹದಿನಾಲ್ಕು ಗಂಟೆ ವಿಮಾನದಲ್ಲಿ ಮಂಡಿ ಮಡಚಿ ಕೂತದ್ದು, ಆಮೇಲೆ ರೈಲು, ಅದಾದಮೇಲೆ ಈ ಮನೆಯ ಮೆಟ್ಟಿಲು. ಐವತ್ತೆಂಟು ಮೆಟ್ಟಿಲು, ಎಣಿಸಿದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮಾತ್ರೆ ಎಣಿಸಿದವಳಿಗೆ ನಿವೃತ್ತಿಯಾದರೂ ಚಟ ಬಿಟ್ಟಿಲ್ಲ.

ಹೋಟೆಲಿಲ್ಲ, ಜನರ ಮನೆಯಲ್ಲೇ ಉಳಿಯುವುದು. ಇದು ತಮ್ಮನ ಹುಚ್ಚು. ಪ್ರಿಂಟಿಂಗ್ ಪ್ರೆಸ್ಸಿನ ಮೇಲೊಂದು ಕೋಣೆ ಕಟ್ಟಿಸಿ, ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಹೊರದೇಶದವರನ್ನೆಲ್ಲ ಪುಕ್ಕಟೆ ಇರಿಸಿಕೊಳ್ಳುತ್ತಿದ್ದ. ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುವವನಿಗೆ ಇಡೀ ಭೂಮಿಯ ನೆಂಟಸ್ತನ ಬೇಕಿತ್ತು. ಹೋಗುವಾಗ ಎಲ್ಲರೂ ‘ನೀವೂ ನಮ್ಮಲ್ಲಿಗೆ ಬನ್ನಿ’ ಅನ್ನುವರು. ಇವನು ‘ಬಂದೇ ಬರ್ತೀವಿ’ ಅನ್ನುವನು. ಹೋದ ಆಗಸ್ಟಿನಲ್ಲಿ ತಾನೇ ಹೋಗಿಬಿಟ್ಟ. ಐವತ್ತೆರಡು ವರ್ಷ.

ಈಗ ಅವನ ಬದಲು ಅವನ ಹೆಂಡತಿ ಹೊರಟು ನಿಂತಳು. ‘ಒಬ್ಬಳೇ ಹೋಗ್ತೀನಿ ಅಕ್ಕ, ನೀವೇನೂ ಯೋಚನೆ ಮಾಡಬೇಡಿ’ ಅಂದಳು. ಯೋಚನೆ ಮಾಡದೆ ಇರುವುದು ಹೇಗೆ? ಶಿಶುವಿಹಾರದ ಟೀಚರಮ್ಮ. ಮೂರು ವರ್ಷದ ಮಕ್ಕಳ ಜೊತೆ ಕುಣಿದು ಕುಣಿದು ತನಗೂ ಮೂರೇ ವರ್ಷ ಅಂದುಕೊಂಡಿದ್ದಾಳೆ. ತಮ್ಮನ ಮರ್ಯಾದೆಗೆಂದು ನಾನೂ ಹೊರಟೆ.

ಮನೆಯೊಡತಿಗೆ ಕೆಳಗಿನ ಬೀದಿಯಲ್ಲಿ ಕನ್ನಡಕದ ಅಂಗಡಿ. ಗಂಡ ಇಲ್ಲ, ಮಗಳು ಬೇರೆ ಊರಿನಲ್ಲಿ. ಅವಳ ಹೆಸರು ನಮ್ಮ ನಾಲಿಗೆಗೆ ಒಗ್ಗುವುದಿಲ್ಲ. ಟೀಚರಮ್ಮ ರೈಲಿನಲ್ಲೇ ‘ಕನ್ನಡಕದಮ್ಮ’ ಎಂದು ನಾಮಕರಣ ಮಾಡಿ ಮುಗಿಸಿದ್ದಳು. ಹೋದ ವರ್ಷ ಜೂನಿನಲ್ಲಿ ಹತ್ತು ದಿನ ತಮ್ಮನ ಮನೆಯಲ್ಲಿದ್ದವಳು. ಆಗ ನಾನು ಅವಳನ್ನು ನೋಡಿರಲಿಲ್ಲ.

ಜೂನಿನಲ್ಲಿ. ಇರಲಿ.

ಏಪ್ರಿಲ್ 11, ಶನಿವಾರ

ಒಬ್ಬರ ಮನೆಯಲ್ಲಿ ಇರುವುದೆಂದರೆ ಅವರ ಮನೆಯ ಸಿಟ್ಟುಸೆಡವೆಲ್ಲ ಕಲಿಯುವುದು. ಬೀದಿ ಬಾಗಿಲನ್ನು ಭುಜಕೊಟ್ಟು ನೂಕಬೇಕು. ಬಚ್ಚಲ ಬಿಸಿನೀರು ನಲ್ಲಿಯನ್ನು ಎಡಕ್ಕೆ ಪೂರಾ ತಿರುಗಿಸಿ ಒಂದು ನಿಮಿಷ ಕಾದರೆ ಮಾತ್ರ ಬರುತ್ತದೆ, ಅವಸರ ಮಾಡಿದರೆ ಮುನಿಸಿಕೊಳ್ಳುತ್ತದೆ. ನಮಗೆ ಕೊಟ್ಟದ್ದು ಮಗಳ ಕೋಣೆ. ಒಂದೇ ಮಂಚ. ಟೀಚರಮ್ಮ ಗೋಡೆ ಕಡೆ, ನಾನು ಅಂಚಿಗೆ. ಅವಳು ತಮ್ಮನ ಕೈಹಿಡಿದ ಈ ಹತ್ತೊಂಬತ್ತು ವರ್ಷದಲ್ಲಿ ನಾವಿಬ್ಬರು ಇಷ್ಟು ಹತ್ತಿರ ಮಲಗಿದ್ದಿಲ್ಲ.

ಇವತ್ತು ಸಂತೆಬೀದಿಗೆ ಹೋದೆವು. ಇವಳಿಗೆ ಭಾಷೆ ಬಾರದಿದ್ದರೂ ಬಾಯಿಗೆ ಬಿಡುವಿಲ್ಲ. ಹಣ್ಣಿನವನ ಮುಂದೆ ನಿಂತು ಒಂದೊಂದೇ ಹಣ್ಣು ಎತ್ತಿ ಹಿಡಿದು ಅವನಿಂದ ಹೆಸರು ಹೇಳಿಸಿಕೊಂಡಳು. ಆಮೇಲೆ ಕನ್ನಡದಲ್ಲಿ ಅವನಿಗೇ ಪಾಠ: ‘ಬಾ-ಳೆ. ಹೇಳಿ, ಬಾ-ಳೆ.’ ಆ ಮೀಸೆಯವನು ಶಾಲೆಯ ಹುಡುಗನಂತೆ ಕೈಕಟ್ಟಿ ಹೇಳಿದ. ಇವಳು ನಕ್ಕ ನಗೆಗೆ ಅರ್ಧ ಬೀದಿ ತಿರುಗಿ ನೋಡಿತು. ಗಂಡ ಸತ್ತು ಎಂಟು ತಿಂಗಳು.

ಕನ್ನಡಕದಮ್ಮ ಒಳ್ಳೆಯವಳು, ಮಾತು ಕಡಿಮೆ. ನಮ್ಮ ಹಾಗೇ ಮುರುಕು ಇಂಗ್ಲಿಷ್. ಊಟದ ಹೊತ್ತಿಗೆ ಎರಡು ಸಲ ತಮ್ಮನ ಮಾತು ಎತ್ತಿದಳು. ಎರಡು ಸಲವೂ ನಾನು ಉಪ್ಪು ಕೇಳಿದೆ.

ಏಪ್ರಿಲ್ 14, ಮಂಗಳವಾರ

ಆಗಬಾರದ್ದು ಆಗಿಹೋಯಿತು.

ಬೆಳಿಗ್ಗೆ ತಿಂಡಿಗೆ ಕೂತಿದ್ದೆವು. ಕನ್ನಡಕದಮ್ಮ ಇವಳ ಕೈ ಹಿಡಿದುಕೊಂಡು ಹೇಳಿದಳು: ‘ನಿಮ್ಮ ಯಜಮಾನರು ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು ನನಗೆ ಎಲ್ಲ ಹೇಳಿದರು. ಇನ್ನು ಎರಡೋ ಮೂರೋ ತಿಂಗಳು ಅಂತ ಡಾಕ್ಟರು ಅಂದಿದ್ದಾರೆ ಅಂದರು. ನನ್ನ ಗಂಡನೂ ಅದೇ ರೋಗದಿಂದ ಹೋದದ್ದು, ಅದಕ್ಕೇ ನನ್ನ ಹತ್ತಿರ ಬಾಯಿಬಿಟ್ಟರೇನೋ. ಅಷ್ಟು ಧೈರ್ಯದ ಮನುಷ್ಯನನ್ನು ನಾನು ನೋಡಿಲ್ಲ. ನೀವೂ ಅಷ್ಟೇ. ಎಲ್ಲ ಗೊತ್ತಿದ್ದೂ ನಗುನಗುತ್ತಾ ನನಗೆ ಬಡಿಸಿದಿರಿ.’

ಇವಳು ನನ್ನ ಕಡೆ ತಿರುಗಿದಳು. ‘ಅಕ್ಕ, ಇವರು ಏನು ಹೇಳ್ತಿದಾರೆ? ನನಗೆ ಇಂಗ್ಲಿಷ್ ತಪ್ಪು ಅರ್ಥ ಆಯ್ತಾ?’

ನಾನು ತಟ್ಟೆಗಳನ್ನು ಒಟ್ಟುಮಾಡತೊಡಗಿದೆ. ಕನ್ನಡಕದಮ್ಮನ ಮುಖ ಬಿಳುಚಿತು. ತಾನು ಏನು ಮಾಡಿದೆ ಎಂದು ಅವಳಿಗೆ ಹೊಳೆದಿತ್ತು.

ಕೋಣೆಗೆ ಬಂದಮೇಲೆ ಇವಳು ಬಾಗಿಲು ಹಾಕಿ ಕೇಳಿದಳು. ‘ಸಾಯೋ ಎರಡು ದಿನ ಮುಂಚೆ ರಕ್ತ ಕಾರಿಕೊಂಡಾಗ ತಾನೇ ಗೊತ್ತಾಗಿದ್ದು? ಜೂನಿನಲ್ಲೇ ಹೇಗೆ ಗೊತ್ತಿತ್ತು ಅವರಿಗೆ? ಅಕ್ಕ, ನಿಮಗೆ ಗೊತ್ತಿತ್ತಾ?’

‘ಇಲ್ಲ’ ಅಂದೆ.

ಎಷ್ಟು ಸಲೀಸಾಗಿ ಬಂತು ಅದು.

ಈ ಪುಸ್ತಕದಲ್ಲಾದರೂ ನಿಜ ಇರಲಿ. ಜನವರಿ ಕೊನೆಯಲ್ಲಿ ತಮ್ಮ ಡಾಕ್ಟರ ಚೀಟಿ ಹಿಡಿದು ನೇರ ನನ್ನ ಮನೆಗೆ ಬಂದ. ಚೀಟಿ ಓದಲು ನನಗೆ ಯಾರೂ ಕಲಿಸಬೇಕಿಲ್ಲ. ಮೇದೋಜೀರಕದ ಗಡ್ಡೆ, ಆಗಲೇ ಹರಡಿತ್ತು. ‘ಅವಳಿಗೆ ಹೇಳಬೇಡ ಅಕ್ಕ. ಅವಳಿಗೆ ಹೇಳಿದ್ರೆ ನಿಜ ಆಗ್ಬಿಡುತ್ತೆ’ ಅಂದ. ಕೈಮೇಲೆ ಕೈ ಇಡಿಸಿಕೊಂಡು ಆಣೆ ಮಾಡಿಸಿದ. ತೂಕ ಇಳಿಯುವುದಕ್ಕೆ ಮನೆಯಲ್ಲಿ ‘ಶುಗರ್ ಬಂದಿದೆ’ ಎಂದು ಹೇಳಿದ. ನೋವಿನ ಮಾತ್ರೆಗಳನ್ನು ನಾನೇ ಶುಗರ್ ಮಾತ್ರೆಯ ಡಬ್ಬಿಗೆ ತುಂಬಿಸಿ ಕೊಡುತ್ತಿದ್ದೆ.

ಏಳು ತಿಂಗಳು.

ಏಪ್ರಿಲ್ 15, ಬುಧವಾರ

ಇವಳು ಬೆಳಗಿನಿಂದ ನನ್ನ ಕೈ ಬಿಟ್ಟಿಲ್ಲ. ‘ನಿಮಗೂ ಹೇಳಲಿಲ್ಲವಲ್ಲ ಅಕ್ಕ ಅವರು. ತಾಯಿ ಹಾಗೆ ಸಾಕಿದವರು ನೀವು, ನಿಮಗೂ ಹೇಳಲಿಲ್ಲ. ನಿನ್ನೆಯೆಲ್ಲ ನನ್ನೊಬ್ಬಳನ್ನೇ ಹೊರಗಿಟ್ಟರು ಅಂತ ಅತ್ತೆ. ಎಷ್ಟು ಸ್ವಾರ್ಥ ನೋಡಿ ನಂದು.’ ಅಂಗಡಿಗೆ ಕರೆದುಕೊಂಡು ಹೋಗಿ ನನ್ನ ಊದಿದ ಕಾಲಿಗೆ ಮೆತ್ತನೆಯ ಚಪ್ಪಲಿ ಕೊಡಿಸಿದಳು. ನೆಲಕ್ಕೆ ಮಂಡಿಯೂರಿ ತಾನೇ ಹಾಕಿ ನೋಡಿದಳು.

ನನ್ನ ತಲೆಗೂದಲು ಬಾಚಿದಳು. ಅಮ್ಮ ಹೋದಮೇಲೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ.

ಚಪ್ಪಲಿ ಹಿತವಾಗಿದೆ. ಹೆಜ್ಜೆ ಇಟ್ಟಾಗಲೆಲ್ಲ ಕೆನ್ನೆಗೆ ಹೊಡೆದ ಹಾಗಾಗುತ್ತದೆ.

ಏಪ್ರಿಲ್ 16, ಗುರುವಾರ

ನದಿ ದಂಡೆಯ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಎದುರಿಗೆ ಯಾರೋ ದೋಣಿಗೆ ಬಣ್ಣ ಬಳಿಯುತ್ತಿದ್ದರು. ಇವಳು ಅದನ್ನೇ ನೋಡುತ್ತಾ ಹೇಳಿದಳು:

‘ಅಕ್ಕ, ನಿಮಗೊಂದು ಹೇಳಬೇಕು. ಯಾರಿಗೂ ಹೇಳಿಲ್ಲ. ಗುರುವಾರ ಪ್ರೆಸ್ಸಿಗೆ ರಜ ಅಲ್ವಾ, ಪ್ರತಿ ಗುರುವಾರ ಪೇಪರ್ ತರೋಕೆ ಹೋಗ್ತೀನಿ ಅಂತ ಹೋಗೋರು. ಸಂಜೆ ಬಂದು ನನ್ನ ಮುಖ ನೋಡ್ತಿರಲಿಲ್ಲ, ಮಲಗಿಬಿಡೋರು. ಜುಲೈ ಕೊನೆಗೆ ಆ ಪೇಪರ್ ಅಂಗಡಿಯವನು ಸಿಕ್ಕಿದ. ಯಜಮಾನ್ರು ಆರು ತಿಂಗಳಿಂದ ಬಂದೇ ಇಲ್ಲವಲ್ಲಮ್ಮ ಅಂದ. ನಾನು ಕೇಳಿದೆ. ಇವರು ಸುಳ್ಳು ಹೇಳಿದರು. ಬೇರೆ ಯಾವಳೋ ಇದಾಳೆ ಅಂದುಕೊಂಡೆ ಅಕ್ಕ. ಮಾತು ಬಿಟ್ಟೆ. ಹನ್ನೊಂದು ದಿನ. ತಟ್ಟೆ ಇಡ್ತಿದ್ದೆ, ಎದ್ದು ಹೋಗ್ತಿದ್ದೆ. ಹನ್ನೆರಡನೇ ದಿನ ಆಸ್ಪತ್ರೆ.’

ಮತ್ತೆ ಅವಳೇ: ‘ಶುಗರ್ ಅಂದಿದ್ರಲ್ಲ, ಒಂದು ಚೂರು ಸಿಹಿ ಕೊಡಲಿಲ್ಲ. ಅನ್ನ ಅಳೆದು ಹಾಕ್ತಿದ್ದೆ. ಒಂದು ದಿನ ಬೆಲ್ಲದ ಡಬ್ಬಿಗೆ ಕೈ ಹಾಕಿದರು ಅಂತ ಕೈಮೇಲೆ ಹೊಡೆದೆ. ನಗ್ತಾ ಹೊಡೆದೆ. ಆದರೂ ಹೊಡೆದೆ.’

ನಾನು ಸಮಾಧಾನದ ಮಾತು ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ. ಯಾವಳೂ ಇರಲಿಲ್ಲ, ಗುರುವಾರ ಅವನು ನನ್ನ ಮನೆಯಲ್ಲಿರುತ್ತಿದ್ದ ಎಂದು ಹೇಳಲು ಬೇಕಾದದ್ದು ಒಂದೇ ಉಸಿರು. ಆ ಉಸಿರು ಬರಲಿಲ್ಲ.

ಏಪ್ರಿಲ್ 17, ಶುಕ್ರವಾರ

ತಲೆನೋವು ಅಂತ ಹೇಳಿ ಒಬ್ಬಳೇ ಹೊರಬಿದ್ದೆ. ಮೂಲೆಯಲ್ಲೊಂದು ಔಷಧಿ ಅಂಗಡಿ. ಒಳಗೆ ಹೋದಮೇಲೆ ಬಹಳ ದಿನಕ್ಕೆ ಮನೆಗೆ ಬಂದ ಹಾಗನ್ನಿಸಿತು. ಅದೇ ವಾಸನೆ, ಅದೇ ಮರದ ಖಾನೆಗಳು. ಭಾಷೆ ಬೇರೆ, ಆದರೆ ಔಷಧಿಯ ಹೆಸರು ಎಲ್ಲ ಕಡೆಯೂ ಒಂದೇ. ಕೌಂಟರಿನ ಮುದುಕನಿಗೆ ‘ನಾನೂ ಇದೇ ಕೆಲಸ’ ಎಂದು ಸನ್ನೆ ಮಾಡಿದೆ. ಖುಷಿಯಾಗಿ ಒಳಗೆ ಕರೆದು ಖಾನೆಗಳನ್ನು ಎಳೆದು ತೋರಿಸಿದ. ಬೀಗ ಹಾಕಿದ ಖಾನೆಯ ಗಾಜಿನ ಹಿಂದೆ ಅದೂ ಇತ್ತು. ತಮ್ಮನಿಗೆ ಕೊಡುತ್ತಿದ್ದ ನೋವಿನ ಮಾತ್ರೆ. ಹತ್ತರ ಪಟ್ಟಿ.

ಅದರ ಮುಂದೆ ನಿಂತಾಗ ನನಗೆ ಬಂದದ್ದು ಅಳುವಲ್ಲ. ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಆ ಗುರುವಾರಗಳು ನನಗೆ ಬೇಕಾಗಿದ್ದವು. ಬುಧವಾರವೇ ಮನೆ ಗುಡಿಸಿ ಒರೆಸಿ, ಅವನಿಗೆ ಸೇರುವ ಸಿಹಿ ಮಾಡಿಟ್ಟು ಕಾಯುತ್ತಿದ್ದೆ. ಅವನು ಬಂದು ನನ್ನ ಬಚ್ಚಲಲ್ಲಿ ವಾಂತಿ ಮಾಡುವನು, ನಾನು ಬೆನ್ನು ನೀವುವೆನು. ಆಮೇಲೆ ಎರಡು ಚಮಚ ಸಿಹಿ ತಿಂದು ನನ್ನ ಮಂಚದ ಮೇಲೆ ನಿದ್ದೆ ಹೋಗುವನು. ಎಂಟು ವರ್ಷದವನಿದ್ದಾಗ ಜ್ವರ ಬಂದು ಮಲಗುತ್ತಿದ್ದನಲ್ಲ, ಹಾಗೇ. ಮದುವೆಯಾದಮೇಲೆ ಮೊದಲ ಸಲ ಅವನು ಪೂರಾ ನನ್ನವನಾಗಿದ್ದ. ಅವಳಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬುದು ನನಗೆ ಹಿತವಾಗಿತ್ತು.

ಆಣೆ ಒಂದು ನೆಪ.

ಏಪ್ರಿಲ್ 18, ಶನಿವಾರ

ಹೇಳಿದೆ.

ಮನೆಯ ಹಿಂದಿನ ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ದೊಡ್ಡ ಹೊದಿಕೆ. ಅವಳು ಎರಡು ತುದಿ ಹಿಡಿದಳು, ನಾನು ಎರಡು ತುದಿ ಹಿಡಿದೆ, ಜಾಡಿಸಿದೆವು. ನಡುವೆ ಅಷ್ಟು ದೂರ ಇದ್ದದ್ದರಿಂದಲೇ ಬಾಯಿ ಬಂತೇನೋ.

‘ಗುರುವಾರ ಅವನು ಬರ್ತಿದ್ದದ್ದು ನನ್ನ ಮನೆಗೆ’ ಅಂದೆ. ‘ನನಗೆ ಜನವರಿಯಿಂದ ಗೊತ್ತಿತ್ತು. ಆಣೆ ಇಡಿಸಿಕೊಂಡಿದ್ದ. ಬೇರೆ ಯಾವಳೂ ಇರಲಿಲ್ಲ. ನಿನ್ನ ಮೇಲೆ ಅವನಿಗೆ ಯಾವ ಬೇಸರವೂ ಇರಲಿಲ್ಲ. ಮಂಗಳವಾರ ನಿನಗೆ ಸುಳ್ಳು ಹೇಳಿದೆ.’

ಅವಳು ಹೊದಿಕೆಯನ್ನು ಬಿಡಲಿಲ್ಲ. ಅರ್ಧ ಮಡಚಿ, ಮತ್ತರ್ಧ ಮಡಚಿ, ತುದಿ ಕೂಡಿಸಲು ನನ್ನ ಹತ್ತಿರ ಬಂದಳು. ತುದಿಗಳನ್ನು ನನ್ನ ಕೈಗೆ ಕೊಟ್ಟು ಅಲ್ಲೇ ನಿಂತಳು.

‘ಯಾಕೆ ಹೇಳಲಿಲ್ಲ ನೀನು?’ ಅಂದಳು. ‘ಹನ್ನೊಂದು ದಿನ ನಾನು ಮಾತಾಡಲಿಲ್ಲವಲ್ಲ. ಹನ್ನೊಂದು ದಿನ. ಯಾಕೆ ಹೇಳಲಿಲ್ಲ ನೀನು?’

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ‘ನೀನು’ ಅಂದಳು. ಸಿಟ್ಟು ಬಂದಾಗ ಬಾಯಿ ಹಿಡಿತದಲ್ಲಿರುವುದಿಲ್ಲ. ದಿಂಬು ಎತ್ತಿಕೊಂಡು ಹೋಗಿ ನಡುಮನೆಯ ಸೋಫಾದ ಮೇಲೆ ಹಾಕಿಕೊಂಡಿದ್ದಾಳೆ.

ಏಪ್ರಿಲ್ 19, ಭಾನುವಾರ

ಮಾತಿಲ್ಲ.

ಏಪ್ರಿಲ್ 20, ಸೋಮವಾರ

ಬೆಳಿಗ್ಗೆಯೇ ಎದ್ದು ಹೋದವಳು ಮಧ್ಯಾಹ್ನ ಮೂರಾದರೂ ಬರಲಿಲ್ಲ. ಕನ್ನಡಕದಮ್ಮ ಅಂಗಡಿಗೆ ಬಾಗಿಲು ಹಾಕಿ ಹುಡುಕಲು ಹೊರಟಳು. ನಾನೂ ಹೋದೆ. ಈ ಊರಿನಲ್ಲಿ ಇಷ್ಟು ಬೀದಿಗಳಿವೆ ಎಂದು ಗೊತ್ತಿರಲಿಲ್ಲ. ಭಾಷೆ ಬಾರದ ಕಡೆ ಒಬ್ಬರನ್ನು ಹುಡುಕುವುದು ಹೇಗೆ? ‘ಇಷ್ಟು ಎತ್ತರ, ಉದ್ದ ಜಡೆ’ ಎಂದು ಕೈಯಲ್ಲಿ ತೋರಿಸುತ್ತಾ ಹೋದೆ. ಬ್ರೆಡ್ ಅಂಗಡಿಯವಳಿಗೆ ಗೊತ್ತಿತ್ತು, ಅಂಚೆಯವನಿಗೆ ಗೊತ್ತಿತ್ತು. ಹಣ್ಣಿನವನಂತೂ ‘ಬಾಳೆ! ಬಾಳೆ!’ ಎಂದು ನದಿ ಕಡೆಗೆ ಕೈ ತೋರಿಸಿದ. ಹನ್ನೊಂದು ದಿನಕ್ಕೆ ಊರೆಲ್ಲ ಇವಳ ಬಳಗ.

ದಂಡೆಯ ಬೆಂಚಿನ ಮೇಲೆ ಕೂತಿದ್ದಳು. ನಾನು ಹತ್ತಿರ ಹೋಗಲಿಲ್ಲ. ಅವಳು ಎದ್ದು ಮನೆ ಕಡೆ ಹೊರಟಾಗ ಹಿಂದೆ ಹಿಂದೆ ಬಂದೆ. ಅವಳು ತಿರುಗಿ ನೋಡಲಿಲ್ಲ, ಆದರೆ ದಾರಿ ದಾಟುವಾಗ ನಿಂತಳು. ನಾನು ದಾಟುವ ತನಕ ನಿಂತಳು.

ಏಪ್ರಿಲ್ 21, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಕೋಣೆಗೆ ಬಂದು ಕುರ್ಚಿ ಎಳೆದು ಕೂತಳು.

‘ಹೇಳು.’

‘ಏನು ಹೇಳಲಿ?’

‘ಎಲ್ಲಾ. ಮೊದಲನೇ ಗುರುವಾರದಿಂದ. ಎಷ್ಟೊತ್ತಿಗೆ ಬಂದರು, ಯಾವ ಅಂಗಿ ಹಾಕಿದ್ದರು, ಏನು ತಿಂದರು, ಏನು ಅಂದರು. ಆ ಏಳು ತಿಂಗಳು ನಿನ್ನ ಹತ್ರ ಇದೆ. ನನ್ನ ಹತ್ರ ಇಲ್ಲ. ಕ್ಷಮಿಸಿಬಿಟ್ಟೆ ಅಂತ ನಾನು ಹೇಳ್ತಿಲ್ಲ. ನನಗೆ ಅದು ಬೇಕು, ಅಷ್ಟೇ. ಹೇಳು.’

ಹೇಳಿದೆ. ಇಪ್ಪತ್ತೆಂಟು ಗುರುವಾರ. ಎಣಿಸುವ ಚಟ ಒಂದು ಸಲಕ್ಕಾದರೂ ಉಪಯೋಗಕ್ಕೆ ಬಂತು. ಯಾವುದನ್ನೂ ಮರೆತಿರಲಿಲ್ಲ. ಅವಳು ನಡುನಡುವೆ ಕೇಳುವಳು. ‘ನೋವು ಬಂದಾಗ ಕೂಗ್ತಿದ್ರಾ?’ ಇಲ್ಲ, ಬಾಗಿಲ ಚಿಲಕ ಹಿಡಿದುಕೊಳ್ಳುತ್ತಿದ್ದ. ‘ನನ್ನ ವಿಷಯ ಏನಾದ್ರೂ ಅಂದ್ರಾ?’ ಪ್ರತಿ ಸಲ ಅನ್ನುತ್ತಿದ್ದ. ಶಿಶುವಿಹಾರದಲ್ಲಿ ನೀನು ಕರಡಿ ವೇಷ ಹಾಕಿದ್ದನ್ನು ಹೇಳಿ ನಗುತ್ತಿದ್ದ. ನಕ್ಕರೆ ನೋವಾಗುತ್ತಿತ್ತು, ಆದರೂ ಹೇಳುತ್ತಿದ್ದ.

ಸಿಹಿಯ ವಿಷಯ ಬಂದಾಗ ನಿಲ್ಲಿಸಿದೆ. ‘ಅದನ್ನೂ ಹೇಳು’ ಅಂದಳು. ಪ್ರತಿ ಗುರುವಾರ ಎರಡು ಚಮಚ ತಿನ್ನುತ್ತಿದ್ದ ಅಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ‘ಸದ್ಯ’ ಅಂದಳು. ‘ಸದ್ಯ, ಎಲ್ಲೋ ಒಂದು ಕಡೆ ತಿಂದರಲ್ಲ.’

ಕನ್ನಡಕದಮ್ಮ ಮಧ್ಯಾಹ್ನ ಬಾಗಿಲ ಹತ್ತಿರ ಎರಡು ತಟ್ಟೆ ಇಟ್ಟು ಸದ್ದಿಲ್ಲದೆ ಇಳಿದು ಹೋದಳು.

ಏಪ್ರಿಲ್ 22, ಬುಧವಾರ

ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆವು. ಉಳಿದದ್ದನ್ನೂ ಹೇಳಿಬಿಟ್ಟೆ. ಔಷಧಿ ಅಂಗಡಿಯಿಂದ ಬಂದ ದಿನ ಇಲ್ಲಿ ಬರೆದದ್ದನ್ನು.

‘ಆಣೆ ಇಟ್ಟಿದ್ದ ಅನ್ನೋದು ನಿಜ. ಮುರಿಯೋಕೆ ನನಗೆ ಮನಸ್ಸೂ ಇರಲಿಲ್ಲ. ಅವನು ನನ್ನೊಬ್ಬಳ ಹತ್ರ ಬರ್ತಾನಲ್ಲ ಅಂತ ಒಳಗೊಳಗೆ ಸಂತೋಷ ಪಡ್ತಿದ್ದೆ.’

ಅವಳ ಕೈ ನಿಂತಿತು. ‘ಇದನ್ನೂ ಹೇಳಬೇಕಿತ್ತಾ?’

‘ಹೇಳದೆ ಇಟ್ಟುಕೊಂಡು ನೋಡಿದ್ದಾಯ್ತಲ್ಲ.’

ಸಿಪ್ಪೆಯ ರಾಶಿಯನ್ನು ಒಂದು ಕಡೆಗೆ ಸರಿಸಿದಳು. ‘ಇದಕ್ಕೆ ಏನು ಅನ್ನಬೇಕೋ ನನಗೆ ಗೊತ್ತಾಗ್ತಿಲ್ಲ. ಇವತ್ತು ಏನೂ ಅನ್ನಲ್ಲ’ ಅಂದಳು. ಎದ್ದು ಕೈ ತೊಳೆದಳು. ಮತ್ತೆ ಬಂದು ಕೂತು ಉಳಿದ ಎರಡು ಗಡ್ಡೆಯ ಸಿಪ್ಪೆ ತೆಗೆದಳು.

ಏಪ್ರಿಲ್ 23, ಗುರುವಾರ

ಇವತ್ತು ಹೊರಟಳು. ಇಲ್ಲಿಂದ ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ನಮ್ಮ ಎರಡನೇ ಮನೆ, ನಿವೃತ್ತ ಮೇಷ್ಟರು ಮತ್ತು ಅವರ ಹೆಂಡತಿ. ಆರು ವರ್ಷದ ಹಿಂದೆ ತಮ್ಮನ ಮನೆಗೆ ಬಂದಿದ್ದವರು. ಇಬ್ಬರೂ ಹೋಗುವುದೆಂದಿತ್ತು.

‘ನಾನೊಬ್ಬಳೇ ಹೋಗ್ತೀನಿ’ ಅಂದಳು. ‘ಸ್ವಲ್ಪ ದಿನ ನಿನ್ನ ಮುಖ ನೋಡಬಾರದು ಅನ್ನಿಸ್ತಿದೆ. ಕೋಪ ಅಂತ ಅಲ್ಲ.’ ಚೀಲದ ಜಿಪ್ ಎಳೆದಳು. ‘ಅಲ್ಲ, ಕೋಪಾನೇ.’

ನನ್ನ ವಾಪಸು ಪ್ರಯಾಣವನ್ನು ಸೋಮವಾರಕ್ಕೆ ಬದಲಿಸಿಕೊಟ್ಟಳು ಕನ್ನಡಕದಮ್ಮ. ಬಸ್ಸು ನಿಲ್ದಾಣಕ್ಕೆ ಹೋಗಲಿಲ್ಲ ನಾನು. ಕಿಟಕಿಯಿಂದ ನೋಡಿದೆ. ಚೀಲದ ಚಕ್ರ ಕಲ್ಲುಹಾಸಿನ ಸಂದಿಗೆ ಸಿಕ್ಕಿಕೊಂಡಿತು. ಎದುರು ಮನೆಯವನು ಓಡಿಬಂದು ಎತ್ತಿಕೊಟ್ಟ. ಅವನ ಹತ್ತಿರವೂ ಎರಡು ಮಾತಾಡಿ ಹೋದಳು.

ಮಂಚ ಪೂರಾ ಖಾಲಿ. ಆದರೂ ಅಂಚಿನಲ್ಲೇ ಮಲಗುತ್ತೇನೆ.

ಏಪ್ರಿಲ್ 24, ಶುಕ್ರವಾರ

ಅಂಗಡಿಯಲ್ಲಿ ಕೂತಿದ್ದೆ. ಕನ್ನಡಕದಮ್ಮ ಬಂದವರಿಗೆ ಗಾಜು ಬದಲಿಸಿ ಬದಲಿಸಿ ‘ಈಗ? ಈಗ?’ ಎಂದು ಕೇಳುವುದನ್ನು ನೋಡುತ್ತಿದ್ದೆ. ನಡುವೆ ಬಿಡುವಾದಾಗ ‘ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು’ ಅಂದಳು.

‘ಬೇಕಿರಲಿಲ್ಲ’ ಅಂದೆ. ‘ಅದಕ್ಕೆ ನಾನೊಬ್ಬಳು ಇದ್ದೆನಲ್ಲ.’

ಹುಡುಗಿ ಊಟ ಮಾಡಿದಳೋ ಇಲ್ಲವೋ. ಬಸ್ಸಿನಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತದೆ. ಮಾತ್ರೆ ನನ್ನ ಚೀಲದಲ್ಲೇ ಉಳಿದಿದೆ.

ಏಪ್ರಿಲ್ 25, ಶನಿವಾರ

ಮಧ್ಯಾಹ್ನ ಫೋನ್ ಬಂತು.

‘ಅಕ್ಕ, ನಾನು.’ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ‘ಇಲ್ಲಿ ಮೇಷ್ಟರ ಹತ್ರ ಒಂದು ವಿಡಿಯೊ ಇದೆ. ಅವರು ನಮ್ಮ ಮನೆಗೆ ಬಂದಾಗ ತೆಗೆದದ್ದಂತೆ. ಇವರು ಮಷೀನಿನ ಮುಂದೆ ನಿಂತು ಅಚ್ಚು ಹೇಗೆ ಹಾಕೋದು ಅಂತ ತೋರಿಸ್ತಾರಂತೆ. ಇಪ್ಪತ್ತು ನಿಮಿಷ ಇದೆಯಂತೆ. ಬರೀ ಇವರೇ, ಇವರ ಮಾತೇ. ನಾನು ಆವತ್ತು ಶಿಶುವಿಹಾರದಲ್ಲಿದ್ದೆ, ನನಗೆ ಗೊತ್ತೇ ಇರಲಿಲ್ಲ.’

‘ನೋಡಿದೆಯಾ?’

‘ಇಲ್ಲ. ಹಾಕಿದರು. ದಪ್ಪಗೆ ಮೊದಲಿನ ಹಾಗೆ ಇದಾರೆ ಅಕ್ಕ, ಆ ಮಸಿಯ ಅಂಗಿ. ಕ್ಯಾಮೆರಾ ನೋಡಿ “ಶುರು ಮಾಡ್ಲಾ?” ಅಂದರು. ಅಷ್ಟೇ ಕೇಳಿದ್ದು. ನಿಲ್ಲಿಸಿ ನಿಲ್ಲಿಸಿ ಅಂತ ಕೂಗಿಬಿಟ್ಟೆ. ಪಾಪ, ಮುದುಕರು ಹೆದರಿಹೋದರು. ಅವರ ಅಕ್ಕ ಬರಬೇಕು, ಬಂದಮೇಲೆ ಹಾಕಿ ಅಂತ ಹೇಳಿದೀನಿ.’

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

‘ಕೇಳಿಸ್ತಾ? ನಾನೊಬ್ಬಳೇ ನೋಡಲ್ಲ. ಬಾ ನೀನು.’

ಬಸ್ಸು ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಇದೆ. ಸೋಮವಾರದ ಪ್ರಯಾಣ ರದ್ದು ಮಾಡಿ ಎಂದು ಕನ್ನಡಕದಮ್ಮನಿಗೆ ಹೇಳಿದೆ. ಯಾವತ್ತಿಗೆ ಹಾಕಿಸಲಿ ಎಂದು ಕೇಳಿದಳು.

ಅವಳನ್ನು ಕೇಳಿ ಹೇಳುತ್ತೇನೆ ಅಂದೆ.